ಈಶಾನ್ಯಕ್ಕೆ ಇಳಿಯುವ ನೆಲ

ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ಮನೆ ಕೊಳ್ಳುವಾಗ ನಾವು ಎಲ್ಲವನ್ನೂ ನೋಡಿದ್ದೆವು. ಬಾಗಿಲು ಪೂರ್ವಕ್ಕೆ, ಅಡುಗೆಮನೆ ಆಗ್ನೇಯಕ್ಕೆ, ನೆಲದ ಇಳಿಜಾರು ಈಶಾನ್ಯಕ್ಕೆ. ಮೈಸೂರಿನಿಂದ ಅತ್ತೆ ವಿಡಿಯೋ ಕಾಲ್‌ನಲ್ಲಿ ಆ ಇಳಿಜಾರನ್ನು ಮತ್ತೆ ಮತ್ತೆ ತೋರಿಸಲು ಹೇಳಿ, ಇಂಥ ಜಾಗ ಹುಡುಕಿದರೂ ಸಿಗುವುದಿಲ್ಲ ಎಂದಿದ್ದರು. ಭೂಮಿಯ ಕೆಳಭಾಗದಲ್ಲಿ ವಾಸ್ತುವೂ ತಲೆಕೆಳಗಾಗುತ್ತದೆಯೇ ಎಂದು ನಾನು ತಮಾಷೆ ಮಾಡಿದ್ದೆ. ಆ ನೆಲ ಇಳಿಯುತ್ತಾ ಹೋಗಿ ಒಂದು ತೊರೆಯ ತಗ್ಗಿನಲ್ಲಿ ನಿಲ್ಲುತ್ತದೆ, ಮೇಲಿನ ದಿಬ್ಬದ ಹಳೆಯ ಮನೆಗಳಲ್ಲಿ ಚಳಿಗಾಲವಿಡೀ ಸೌದೆ ಉರಿಸುತ್ತಾರೆ ಎಂಬುದು ಮಾತ್ರ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ನಾವು ಹೋಗಿ ನೋಡಿದ್ದು ಬೇಸಿಗೆಯ ಮಧ್ಯಾಹ್ನ, ಗಾಳಿ ಚೆನ್ನಾಗಿ ಬೀಸುವಾಗ.

ಮೊದಲ ಚಳಿಗಾಲದಲ್ಲೇ ಮಗಳಿಗೆ ಕೆಮ್ಮು ಶುರುವಾಯಿತು. ಆಗಷ್ಟೇ ಸ್ಕೂಲಿಗೆ ಸೇರಿದ್ದಳು. ಬೆಳಿಗ್ಗೆ ಹಿತ್ತಲಲ್ಲಿ ಬೇಲಿಯ ಎತ್ತರಕ್ಕೆ ಬೂದು ಹೊಗೆ ನಿಂತಿರುತ್ತಿತ್ತು. ನಿಜಕ್ಕೂ ಬೇಲಿಯಷ್ಟೇ ಎತ್ತರವಿತ್ತೇ? ಹಾಗೆಂದು ನೆನಪು. ಆಮೇಲಿನ ಭಯ ಅದನ್ನು ಎತ್ತರ ಮಾಡಿರಲೂಬಹುದು. ಡಾಕ್ಟರು ಪಫರ್, ಅಂದರೆ ಇನ್‌ಹೇಲರ್, ಬರೆದುಕೊಟ್ಟರು.

ನಾರ್ವೆಸ್ಟ್‌ನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಯೆಮೆನ್‌ನ ಎಂಜಿನಿಯರ್ ಒಬ್ಬರನ್ನು ಒಂದು ಭಾನುವಾರ ಬೆಳಿಗ್ಗೆ ದೋಸೆಗೆ ಕರೆದಿದ್ದೆವು. ಅವರು ಕಾಫಿ ಹಿಡಿದು ಹಿತ್ತಲಿಗೆ ಹೋದವರು ಅಲ್ಲೇ ನಿಂತುಬಿಟ್ಟರು. "ಇದು ನಮ್ಮೂರೇ," ಎಂದು ನಕ್ಕರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದು, ನನ್ನಲ್ಲಿ ಉಳಿದಿರುವುದು ಕನ್ನಡದಲ್ಲಿ.

ಅವರ ಊರು ಎತ್ತರದಲ್ಲಿದೆ, ಆದರೂ ಸುತ್ತ ಬೆಟ್ಟಗಳಿರುವ ಬೋಗುಣಿಯೊಳಗಿದೆ. ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ಬೆಟ್ಟಗಳಿಂದ ಜಾರಿ ಬಂದು ತಳದಲ್ಲಿ ಮಲಗುತ್ತದೆ. ರೊಟ್ಟಿ ಒಲೆಗಳ ಹೊಗೆ, ಜನರೇಟರ್‌ಗಳ ಹೊಗೆ ಎಲ್ಲವೂ ಮುಚ್ಚಳ ಹಾಕಿದಂತೆ ಅಲ್ಲೇ ನಿಲ್ಲುತ್ತದೆ, ಬಿಸಿಲೇರುವವರೆಗೆ ಕದಲುವುದಿಲ್ಲ. ಮಳೆಗಾಲ ಬಂದರೆ ಗಾಳಿ ತೊಳೆದಿಟ್ಟ ಹಾಗೆ. ಮಳೆಗೆ ಮುಂಚೆ ಪಶ್ಚಿಮದ ಬಯಲಿನಿಂದ ಧೂಳು ಮೇಲೇರಿ ಬರುವ ದಿನಗಳೂ ಇವೆ. ಅವರ ತಾಯಿ ಎದುರು ಮನೆಯ ಗೋಡೆಗೆ ಬಿಸಿಲು ಬೀಳುವ ತನಕ ಕಿಟಕಿ ತೆಗೆಯುತ್ತಿರಲಿಲ್ಲವಂತೆ.

"ಅದಕ್ಕೇ ಅಂತ ಊರು ಬಿಡೋಕಾಗುತ್ತಾ? ಗಾಳಿಯ ಟೈಮ್ ತಿಳ್ಕೊಂಡ್ರೆ ಸಾಕು," ಎಂದರು. ಅವರು ಊರು ಬಿಟ್ಟಿದ್ದು ಯುದ್ಧಕ್ಕೆ, ಹೊಗೆಗಲ್ಲ.

ಮರುದಿನದಿಂದಲೇ ನನ್ನ ಹೆಂಡತಿ ಹೊತ್ತು ಮುಳುಗುವ ಮೊದಲು ಕಿಟಕಿ ಮುಚ್ಚತೊಡಗಿದಳು. ಮಗಳ ಹಾಸಿಗೆಯನ್ನು ಹಿತ್ತಲ ಕಡೆಯ ಕೋಣೆಯಿಂದ ಮುಂದಿನ ಕೋಣೆಗೆ ಎಳೆದುಕೊಂಡಳು. ಕೆಮ್ಮು ಕಡಿಮೆಯಾಯಿತು. ಅಥವಾ ಚಳಿಗಾಲವೇ ಮುಗಿಯುತ್ತಾ ಬಂದಿತ್ತು. ಎರಡರಲ್ಲಿ ಯಾವುದೆಂದು ನನಗೆ ಆಗಲೂ ತಿಳಿಯಲಿಲ್ಲ. ಅಷ್ಟರಲ್ಲಿ ನನಗೆ ಮೆಲ್ಬರ್ನ್ ಆಫೀಸಿನಲ್ಲಿ ಕೆಲಸ ಸಿಗುವಂತಿತ್ತು. ಉಪಗ್ರಹದ ನಕ್ಷೆಯಲ್ಲಿ ತಗ್ಗಿಲ್ಲದ ಸಬರ್ಬ್‌ಗಳನ್ನು ಹುಡುಕುತ್ತಾ ಕೂರುತ್ತಿದ್ದೆ.

"ಇನ್ನೊಂದು ಚಳಿಗಾಲ ನೋಡೋಣ. ಅವಳಿಗೆ ಈ ಮನೆ ಅಂದ್ರೆ ಪ್ರಾಣ," ಎಂದಳು ಹೆಂಡತಿ.

"ಮಗು ಉಸಿರಿನ ಮೇಲೆ ಎಕ್ಸ್‌ಪೆರಿಮೆಂಟ್ ಮಾಡೋದು ಬೇಡ," ಎಂದೆ ನಾನು.

ಆ ಮಾತಿಗೆ ಯಾವ ತಾಯಿ ಎದುರಾಡಿಯಾಳು? ಮನೆ ಮಾರಿದೆವು.

ಮೆಲ್ಬರ್ನ್‌ನ ಕ್ರೇಗಿಬರ್ನ್ ನಾನು ಬಯಸಿದ ಹಾಗೆಯೇ ಬಯಲು. ಗಾಳಿ ಎಲ್ಲೂ ನಿಲ್ಲುವುದಿಲ್ಲ. ಚಳಿಗಾಲ ಸುಖವಾಗಿ ಕಳೆಯಿತು, ನಾನು ಗೆದ್ದವನಂತೆ ಓಡಾಡಿದೆ. ವಸಂತದಲ್ಲಿ ಉತ್ತರದ ಬಿಸಿಗಾಳಿ ಮೈಲಿಗಟ್ಟಲೆ ಹುಲ್ಲುಗಾವಲಿನ ಪರಾಗವನ್ನು ಹೊತ್ತು ತಂದಿತು. ಒಂದು ಸಂಜೆ ಗುಡುಗು ಮಳೆ ಶುರುವಾಗುತ್ತಿದ್ದಂತೆ ಮಗಳು ಅಡುಗೆಕಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಹೆಗಲು ಮೇಲೆತ್ತಿ ನಿಂತಳು. ಮಾತು ಹೊರಡುತ್ತಿರಲಿಲ್ಲ. ಗುಡುಗು ಮಳೆಯ ತೇವಕ್ಕೆ ಪರಾಗ ಒಡೆದು ಪುಡಿಯಾಗಿ ಎದೆಗಿಳಿಯುತ್ತದೆ ಎಂದರು ಆಸ್ಪತ್ರೆಯಲ್ಲಿ. ಅಲ್ಲಿಂದ ಬಂದ ಮೇಲೆ ಹೆಂಡತಿ ಮತ್ತೆ ಕಿಟಕಿಗಳ ಕೆಲಸ ಹಿಡಿದಳು. ಉತ್ತರದ ಗಾಳಿಯಿದ್ದರೆ ಮುಚ್ಚುವುದು, ಬಟ್ಟೆ ಒಳಗೇ ಒಣಗಿಸುವುದು, ಗಾಳಿ ತಿರುಗಿದ ಮೇಲೆ ತೆಗೆಯುವುದು. ಇಷ್ಟು ವರ್ಷಗಳಿಂದ ಹೀಗೆಯೇ ನಡೆದಿದೆ, ಮಗಳು ಚೆನ್ನಾಗಿದ್ದಾಳೆ. ಇದನ್ನು ಅಲ್ಲಿಯೇ ಮಾಡಬಹುದಿತ್ತು ಎಂದು ಹೆಂಡತಿ ಒಮ್ಮೆಯೂ ಅಂದಿಲ್ಲ.

ಅಂದವಳು ಮಗಳು. ಈಗ ಹೈಸ್ಕೂಲಿನಲ್ಲಿದ್ದಾಳೆ. ಮೊನ್ನೆ ಬಿಸಿಗಾಳಿಯ ದಿನ ತಾನೇ ಕಿಟಕಿ ಮುಚ್ಚುತ್ತಾ ಸಿಡ್ನಿಯ ಮನೆಯ ಮಾತು ತೆಗೆದಳು. ಅವಳಿಗೆ ಅಲ್ಲಿನ ಕೆಮ್ಮು ನೆನಪಿಲ್ಲ. ಹಿತ್ತಲಿಗೆ ಮೋಡ ಬಂದು ಕೂರುತ್ತಿತ್ತಲ್ಲ, ಅದು ನೆನಪಿದೆಯಂತೆ. ಅದು ಮೋಡವಲ್ಲ, ಹೊಗೆ ಎಂದು ಅವಳಮ್ಮ ಹೇಳಿದಳು; ಆಗಲೂ ಹೀಗೆಯೇ ಕಿಟಕಿ ಮುಚ್ಚುತ್ತಿದ್ದೆವು ಎಂದಳು.

"ದೆನ್ ವೈ ಡಿಡ್ ವಿ ಲೀವ್, ಅಪ್ಪಾ?"

ಕೆಲಸ ಇಲ್ಲಿ ಸಿಕ್ಕಿತು ಎಂದೆ. ಸುಳ್ಳಲ್ಲ. ಹೆಂಡತಿ ನನ್ನನ್ನು ನೋಡಿ, ಮತ್ತೆ ಕಿಟಕಿಯ ಕಡೆ ತಿರುಗಿದಳು.

ಸಂಜೆ ಗಾಳಿ ತಂಪಾಗಿ ದಕ್ಷಿಣದಿಂದ ಬೀಸತೊಡಗಿತು. ಹೆಂಡತಿ ಒಂದೊಂದೇ ಕೋಣೆಯ ಕಿಟಕಿ ತೆಗೆಯುತ್ತಾ ಬಂದಳು. ನಾನು ಕೂತಿದ್ದ ಕೋಣೆಯದನ್ನು ಮಾತ್ರ ನನಗೇ ಬಿಟ್ಟು ಹೋದಳು.