ಕಪ್ಪಿ ಹಾಲಿಳಿಸುವ ಬಗೆ

ಅರವತ್ತು ದಿನದ ತರಬೇತಿಗೆಂದು ಒಂದು ಬ್ಯಾಗು, ಒಂದು ಜೊತೆ ರಬ್ಬರ್ ಬೂಟು ಹಿಡಿದು ಬಂದಿಳಿದ ಹುಡುಗಿಗೆ ಆ ಡೇರಿಯಲ್ಲಿ ಇಬ್ಬರು ಗುರುಗಳು. ಯಜಮಾನರು ಕುರ್ಚಿಯಲ್ಲಿ ಕೂತು ಕಲಿಸುತ್ತಿದ್ದರು: ಎಷ್ಟು ತೂಕದ ಹಸುವಿಗೆ ಎಷ್ಟು ಹಿಂಡಿ, ಕರುವಿಗೆ ಯಾವ ವಾರ ಯಾವ ಔಷಧಿ. ಹುಡುಗಿ ಅಕ್ಕ ಎಂದು ಕರೆಯುತ್ತಿದ್ದ ಅವರ ಹೆಂಡತಿ, ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಲಿಸುತ್ತಿದ್ದಳು. ತರಬೇತಿ ಪುಸ್ತಕದಲ್ಲಿ ಕುರ್ಚಿಯ ಪಾಠಕ್ಕೆ ಮಾತ್ರ ಕಾಲಂ ಇತ್ತು.

ಕೊಟ್ಟಿಗೆಯಲ್ಲಿ ಏಳು ಹಸು. ಆರಕ್ಕೆ ಯಂತ್ರ ಹಾಕಿದರೆ ಸಾಕು. ಏಳನೆಯದು ಕಪ್ಪಿ. ಯಂತ್ರ ಕಂಡರೆ ಒದೆಯುತ್ತಿತ್ತು, ಅಕ್ಕನ ಕೈ ಬಿಟ್ಟು ಬೇರೆ ಕೈಗೆ ಹಾಲಿಳಿಸುತ್ತಿರಲಿಲ್ಲ. ಅದರ ತಾಯಿಯೂ ಹಾಗೇ ಇತ್ತಂತೆ. ಕಪ್ಪಿ ಬತ್ತಿದ ಎರಡು ತಿಂಗಳಲ್ಲೂ ಬೇರೆ ಯಾವುದಾದರೂ ಹಸು ಈಯುವ ಹೊತ್ತಾಗಿರುತ್ತಿತ್ತು. ಹದಿಮೂರು ವರ್ಷದಲ್ಲಿ ಅಕ್ಕ ಒಂದು ರಾತ್ರಿಯೂ ಬೇರೆ ಮನೆಯಲ್ಲಿ ಮಲಗಿರಲಿಲ್ಲ.

"ಕೈ ನೋಡ್ಬೇಡ ಕಣೇ, ಬಾಯಿ ನೋಡು" ಅಂದಳು ಅಕ್ಕ ಒಂದು ದಿನ.

ಹುಡುಗಿ ಗಮನವಿಟ್ಟಳು. ಹಾಲು ಕರೆಯುವಷ್ಟು ಹೊತ್ತೂ ಅಕ್ಕ ಗೊಣಗುತ್ತಿದ್ದಳು. "ಎದ್ದ ತಕ್ಷಣ ಟೀ ಬೇಕು ಮಹಾರಾಯರಿಗೆ. ಕುಡಿದ ಲೋಟ ಮಂಚದ ಕೆಳಗೆ. ಟವೆಲ್ಲು ಕಣ್ಣೆದುರೇ ಇದ್ರೂ ಎಲ್ಲೇ ಅಂತ ಕೂಗು..." ಆ ಗೊಣಗಾಟ ಕಿವಿಗೆ ಬಿದ್ದರೇ ಕಪ್ಪಿ ಮೈ ಸಡಿಲಿಸುತ್ತಿತ್ತು.

ಹುಡುಗಿ ಅಕ್ಕನ ಹಳೇ ನೈಟಿ ತೊಟ್ಟಳು, ಗೊಣಗಾಟ ಬಾಯಿಪಾಠ ಮಾಡಿದಳು. ಮದುವೆಯಾಗದ ಬಾಯಲ್ಲಿ ಹದಿಮೂರು ವರ್ಷದ ಸಂಸಾರ. ಐವತ್ತನೆಯ ದಿನ, ಲೋಟದ ಮಾತಿಗೆ ಬಂದಾಗ, ಹಾಲು ಸೊರ್ರೆಂದು ಬಕೆಟ್ಟಿಗೆ ಬಿತ್ತು. ಹಿಂದೆ ನಿಂತಿದ್ದ ಅಕ್ಕ ಬಗ್ಗಿ ಬಕೆಟ್ಟು ನೋಡಿದಳು. "ಪಾಸಾದೆ ಕಣೇ!"

ಐದು ದಿನ ಕಳೆದು ಅಕ್ಕ ತನ್ನ ತಂಗಿಯ ಮನೆಗೆ ಹೊರಟಳು. "ನಾಲ್ಕೇ ದಿನ. ನೀನು ಹೊರಡೋದ್ರೊಳಗೆ ಬಂದಿರ್ತೀನಿ."

ಅರವತ್ತನೆಯ ದಿನ ಮಧ್ಯಾಹ್ನವಾದರೂ ಬರಲಿಲ್ಲ. ಮರುದಿನ ಒಂಬತ್ತಕ್ಕೆ ಹುಡುಗಿಗೆ ಹಾಲು ಶೀತಲೀಕರಣ ಕೇಂದ್ರದಲ್ಲಿ ಕೆಲಸದ ಸಂದರ್ಶನ. ಅಲ್ಲಿಗೆ ಇರುವುದು ಸಂಜೆ ಐದರ ಬಸ್ಸೊಂದೇ. ಅವಳು ಹೊರಟರೆ ಕಪ್ಪಿಯನ್ನು ಇವತ್ತು ಸಂಜೆಯೂ ಕರೆಯುವವರಿಲ್ಲ, ನಾಳೆ ಬೆಳಗ್ಗೆಯೂ ಇಲ್ಲ. ಹಾಲು ಕಟ್ಟಿಕೊಂಡರೆ ಕೆಚ್ಚಲು ಬಾವು ಬರುತ್ತದೆಂದು ಕುರ್ಚಿಯ ಪಾಠದಲ್ಲೇ ಬರೆದುಕೊಂಡಿದ್ದಳು.

"ಸರ್, ಸರ್ಟಿಫಿಕೇಟು?"

"ರುಜು ಎಲ್ಲಿ ಓಡಿಹೋಗುತ್ತಮ್ಮ? ಅವಳು ಬರಲಿ, ಹಾಕ್ತೀನಿ."

"ನೀವೇ ಒಂದ್ಸಲ ಕರೆದು ನೋಡಿ ಸರ್. ಗೊಣಗೋದು ನಾನು ಹೇಳಿಕೊಡ್ತೀನಿ."

ಯಜಮಾನರು ಗಹಗಹಿಸಿ ನಕ್ಕರು. "ನಾನೇನಂತ ಗೊಣಗಲಿ? ನನಗೇನು ಕಷ್ಟ ಕೊಟ್ಟಿದಾಳೆ ಅವಳು?"

ಮಾತು ನಿಜವೇ ಆಗಿತ್ತು.

ಹುಡುಗಿ ಫೋನು ಮಾಡಿದಳು. ಎತ್ತಿದ್ದು ಅಕ್ಕನ ತಂಗಿ. "ಮಲಗಿದಾಳಮ್ಮ. ಬಂದಾಗಿಂದ ಮಲಗೇ ಇದಾಳೆ. ಹುಷಾರಿಲ್ವೇನೇ ಅಂದ್ರೆ, ನಿದ್ದೆ ಕಣೇ ಅಂತಾಳೆ. ಎಬ್ಬಿಸ್ಲಾ?"

ನಾಲಿಗೆ ತುದಿಗೆ ಬಂದ ಹೂಂ ಅಲ್ಲೇ ನಿಂತಿತು.

"ಬೇಡ" ಅಂದಳು. "ಮಲಗಲಿ."

ಐದಕ್ಕೆ ಬ್ಯಾಗನ್ನು ಕೊಟ್ಟಿಗೆಯ ಬಾಗಿಲಲ್ಲಿಟ್ಟು ಕಪ್ಪಿಯ ಪಕ್ಕ ಕೂತಳು. ಟೀ, ಲೋಟ, ಟವೆಲ್ಲು, ಎಲ್ಲ ಒಪ್ಪಿಸಿದಳು. ಕಿವಿ ರಸ್ತೆಯ ಕಡೆ, ಬೆರಳು ಬಿಗಿ. ಕಪ್ಪಿ ಮೈ ಬಿಗಿಹಿಡಿದು ನಿಂತಿತು. ಹೊರಗೆ ಬಸ್ಸು ಹಾರನ್ ಹೊಡೆಯಿತು, ನಿಂತಿತು, ಹೊರಟೇ ಹೋಯಿತು.

"ಒಂದು ರುಜು ಹಾಕಿದ್ರೆ ಕೈ ಸವೆದು ಹೋಗ್ತಿತ್ತಾ?" ಅಂದುಬಿಟ್ಟಳು ಹುಡುಗಿ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. "ಕಲಿಯೋಕೆ ಅಂತ ಬಂದೆ. ಸಗಣಿ ಬಾಚಿದೆ, ಐದು ದಿನದಿಂದ ಪಾತ್ರೆನೂ ತೊಳೀತಿದೀನಿ, ಅನ್ನಾನೂ ಬೇಯಿಸ್ತಿದೀನಿ..."

ಹಾಲು ಇಳಿಯಿತು.

"ಯಾರಿಗಮ್ಮ ಬೈತಿರೋದು?" ಹೊರಗಿನಿಂದ ಯಜಮಾನರ ದನಿ.

ಬಾಯಿ ಮುಚ್ಚಿದರೆ ಹಾಲು ನಿಲ್ಲುತ್ತಿತ್ತು. ಹುಡುಗಿ ದನಿ ಏರಿಸಿದಳು.