ಮೂರರ ಮುಂದೆ ಕೈಚಾಚದವಳು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ, ಹಾಲಿನವನ ಫೋನ್ ನಂಬರಿಗೂ ಗ್ಯಾಸ್ ಸಿಲಿಂಡರಿನ ರಸೀದಿಗೂ ನಡುವೆ, ಮಾವಿನಹಣ್ಣಿನ ಆಕಾರದ ಆಯಸ್ಕಾಂತವೊಂದು ಇಂದಿಗೂ ಒಂದು ಕಾರ್ಡನ್ನು ಒತ್ತಿ ಹಿಡಿದುಕೊಂಡಿದೆ. ಅಂಗೈಯಗಲದ, ಪ್ಲಾಸ್ಟಿಕ್ ಹೊದಿಸಿದ ಕಾರ್ಡು. ಅದರ ಮೇಲೆ ಸಾಲಾಗಿ ದುಂಡು ಮುಖಗಳು: ಎಡತುದಿಯದು ಗಲ್ಲ ಉಬ್ಬಿಸಿ ನಗುತ್ತದೆ, ಆಮೇಲಿನವು ಒಂದೊಂದಾಗಿ ನಗು ಕಳೆದುಕೊಳ್ಳುತ್ತ ಹೋಗಿ, ಬಲತುದಿಯದರ ಕಣ್ಣಿಂದ ದಪ್ಪ ದಪ್ಪ ಹನಿ ಉದುರುತ್ತವೆ. ಮುಖಗಳ ಕೆಳಗೆ ಸೊನ್ನೆಯಿಂದ ಹತ್ತರವರೆಗೆ ಅಂಕಿಗಳು. ನೋವು ಎಷ್ಟಿದೆ ಎಂದು ಕೇಳಿದಾಗ ಬೆರಳಿಟ್ಟು ತೋರಿಸಲಿಕ್ಕೆ ಆಸ್ಪತ್ರೆಯವರು ಕೊಟ್ಟದ್ದು. ತೋರಿಸಬೇಕಾಗಿದ್ದವಳು ನನ್ನ ಹೆಂಡತಿ ಗಿರಿಜಾ. ಈ ಶ್ರಾವಣದಲ್ಲಿ ಅವಳು ಹೋದಳು, ಕಾರ್ಡು ಉಳಿಯಿತು. ಕಿತ್ತು ಬಿಸಾಕಬೇಕೆಂದು ದಿನಾ ಮುಂಜಾನೆ ಅಂದುಕೊಳ್ಳುತ್ತೇನೆ, ಹಾಲಿನ ಪಾಕೀಟು ತೆಗೆದುಕೊಂಡು ಬಾಗಿಲು ಮುಚ್ಚುತ್ತೇನೆ.

ವಿಧಿಯ ಚೇಷ್ಟೆ ನೋಡಿ ಗೆಳೆಯರೇ, ಇಂಥ ಕಾರ್ಡುಗಳಿಂದಲೇ ನಾನು ಅನ್ನ ಉಂಡವನು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಪುಣೆಗೆ ಬಂದು, ವಿಮಾನ ನಗರದಲ್ಲಿ ಆರೋಗ್ಯ ಸಂಶೋಧನೆಯ ಕಚೇರಿಯೊಂದರಲ್ಲಿ ಜನರ ಜಡ್ಡು ಜಾಪತ್ರೆಗಳನ್ನು ಅಂಕಿಗಳನ್ನಾಗಿ ಮಾಡುತ್ತ ಕೂದಲು ಬೆಳ್ಳಗೆ ಮಾಡಿಕೊಂಡೆ. ಹೊಸದಾಗಿ ಸೇರಿದವರಿಗೆ ಮೊದಲ ಪಾಠ ನನ್ನದೇ. ಒಬ್ಬರಿಂದೊಬ್ಬರಿಗೆ ಬದಲಾಗುವುದೆಲ್ಲ ಚರ, ನೀವು ವೇರಿಯೇಬಲ್ ಎಂದರೂ ನಡೆಯುತ್ತದೆ, ಎಂದು ಶುರುಮಾಡುತ್ತೇನೆ. ರಕ್ತದ ಗುಂಪು, ಊರು, ಮಾತೃಭಾಷೆ ಇವು ಬರೀ ಹೆಸರುಗಳು, ಇವುಗಳಲ್ಲಿ ಮೇಲು ಕೀಳಿಲ್ಲ. ಮಕ್ಕಳೆಷ್ಟು, ಹಲ್ಲೆಷ್ಟು ಎಂಬುದು ಎಣಿಕೆ. ತೂಕ, ಎತ್ತರ, ರಕ್ತದ ಒತ್ತಡ ಇವು ಅಳತೆಗಳು, ಇವುಗಳ ನಡುವೆ ಎಷ್ಟು ಸಣ್ಣದಾಗಿ ಬೇಕಾದರೂ ಸೀಳಿಕೊಂಡು ಹೋಗಬಹುದು. ಇನ್ನೊಂದು ಜಾತಿ ಉಂಟು, ಮಹಾ ಕಪಟಿ. ಅದಕ್ಕೆ ಕ್ರಮ ಇದೆ, ಅಳತೆ ಇಲ್ಲ. ನೋವು ಆ ಜಾತಿಗೆ ಸೇರಿದ್ದು. ಎರಡಕ್ಕಿಂತ ನಾಲ್ಕು ಹೆಚ್ಚು ಎನ್ನಬಹುದೇ ಹೊರತು ಎರಡು ಪಟ್ಟು ಎನ್ನುವಂತಿಲ್ಲ. ಮೂರರಿಂದ ನಾಲ್ಕಕ್ಕೆ ಒಂದು ಮೆಟ್ಟಿಲು, ಎಂಟರಿಂದ ಒಂಬತ್ತಕ್ಕೆ ಒಂದು ಮೆಟ್ಟಿಲು, ಆದರೆ ಎರಡನೆಯ ಮೆಟ್ಟಿಲ ಕೆಳಗೆ ಬಾವಿ ಇರಬಹುದು. ಅದಕ್ಕೇ ಇಂಥವುಗಳ ಸರಾಸರಿ ತೆಗೆಯಬೇಡಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಡುವೆ ನಿಂತವರನ್ನು ನೋಡಿ, ಅದು ಮಧ್ಯಾಂಕ, ಅಷ್ಟಕ್ಕೆ ತೃಪ್ತರಾಗಿ ಎನ್ನುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ, ಮರುದಿನ ಸರಾಸರಿ ತೆಗೆಯುತ್ತಾರೆ.

ಅಂಕಿಗೆ ಬಾಯಿಲ್ಲ ಎಂಬುದೂ ನನಗೆ ಗೊತ್ತಿರದ ಸಂಗತಿಯೇನಲ್ಲ. ಒಮ್ಮೆ ಪುಣೆ ಜಿಲ್ಲೆಯ ದೌಂಡ ಪಟ್ಟಣದ ಸುತ್ತಲಿನ ಕಬ್ಬಿನ ಊರುಗಳಲ್ಲಿ ಹೆಂಗಸರನ್ನು ಕೇಳಿಸಿದ್ದೆವು, ಹೋದ ತಿಂಗಳಲ್ಲಿ ಜಡ್ಡಾಗಿ ಎಷ್ಟು ದಿನ ಕೆಲಸ ತಪ್ಪಿಸಿದಿರಿ ಎಂದು. ಕಾಗದದ ತುಂಬ ಸೊನ್ನೆ. ಹಾಳೆ ಮೇಲೆ ನೋಡಿದರೆ ಆ ಸೀಮೆಯಲ್ಲಿ ಕೆಮ್ಮು ಕೂಡ ಇಲ್ಲ. ಜ್ವರ ಬಂದರೂ ಕಬ್ಬಿನ ಹೊಲಕ್ಕೆ ಹೋಗುವವರಿಗೆ ಕೆಲಸ ತಪ್ಪಿದ ದಿನ ಸೊನ್ನೆಯಲ್ಲದೆ ಇನ್ನೇನು? ಪ್ರಶ್ನೆ ತಿದ್ದಿದೆವು, ಮತ್ತೆ ಕಳಿಸಿದೆವು. ಕಚೇರಿಯಲ್ಲಿ ಅದನ್ನು ತಮಾಷೆಯ ಕಥೆಯಾಗಿ ಹೇಳಿಕೊಂಡು ನಗುತ್ತಿದ್ದೆವು. ಆ ಸೊನ್ನೆ ಪುಣೆಯ ಕೊಂಢವಾ ಬಡಾವಣೆಯ ನಮ್ಮ ಮನೆಗೇ ಬಂದು ಅಡಿಗೆಮನೆಯಲ್ಲಿ ನಿಂತುಕೊಳ್ಳುತ್ತದೆಂದು ಯಾರಿಗೆ ಗೊತ್ತಿತ್ತು.

ಗಿರಿಜಾಗೆ ಎದೆಯಲ್ಲಿ ಹುಟ್ಟಿದ ಗಂಟು ಎಲುಬಿಗೆ ಇಳಿದಿತ್ತು. ವಾಸಿಯಾಗುವ ಮಾತು ಮುಗಿದಿದೆ, ಇನ್ನು ನೋವು ಆಗದ ಹಾಗೆ ನೋಡಿಕೊಳ್ಳುವುದಷ್ಟೇ ಉಳಿದದ್ದು ಎಂದು ಡಾಕ್ಟರು ಸಮಾಧಾನದಿಂದ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆ ಉಳಿದದ್ದಾದರೂ ಅವಳಿಗೆ ಪೂರ್ತಿ ಸಿಗಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು. ಕೇಳಿದ್ದು ಹೆಚ್ಚೇನಲ್ಲ, ನೀವೇ ಹೇಳಿ. ಆ ಆಸ್ಪತ್ರೆಯ ಪದ್ಧತಿಯೂ ಸರಳ: ರೋಗಿ ಹೇಳಿದ ಅಂಕಿ ನೋಡಿ ಔಷಧ ಏರಿಸುವುದು, ಇಳಿಸುವುದು. ಸಿಸ್ಟರು ಬಂದು ಕಾರ್ಡು ಹಿಡಿದು, "ಕಾಕೂ, ಕಿತಿ ದುಖ್ತಂಯ?" ಎಂದು ಮರಾಠಿಯಲ್ಲಿ ಎಷ್ಟು ನೋವೆಂದು ಕೇಳುವಳು. ಗಿರಿಜಾ ಸೆರಗು ಸರಿಮಾಡಿಕೊಂಡು, ಮನೆಗೆ ಬಂದವರೊಡನೆ ಮಾತಾಡುವ ಮರ್ಯಾದೆಯಿಂದ, "ತೀನ" ಎನ್ನುವಳು. ಮೂರು. ಸಿಸ್ಟರು ಮೂರು ಬರೆದುಕೊಂಡು ಹೋಗುವಳು. ಅದೇ ಹೆಂಗಸು ಮನೆಯಲ್ಲಿ ಮಗ್ಗುಲು ಬದಲಿಸುವಾಗ ದಿಂಬಿನ ಚುಂಗು ಕಚ್ಚಿ ಹಿಡಿಯುತ್ತಿದ್ದಳು. ಅದು ಮೂರೇ? ನಾನು ಅಂಕಿಗಳ ನಡುವೆಯೇ ಬದುಕಿದವನು, ಮೂರು ಹೇಗಿರುತ್ತದೆಂದು ಬಲ್ಲೆ.

ಒಂದು ದಿನ ಆಸ್ಪತ್ರೆಯಿಂದ ರಿಕ್ಷಾದಲ್ಲಿ ಬರುವಾಗ ರಸ್ತೆಯ ಒಂದೊಂದು ತಗ್ಗಿಗೂ ಅವಳ ಉಗುರು ನನ್ನ ಮುಂಗೈಯಲ್ಲಿ ಇಳಿಯುತ್ತಿತ್ತು. ನನಗೆ ಸಿಟ್ಟೇ ಬಂತು.

"ಮೂರು ಅಂತ ಯಾಕ ಹೇಳ್ತಿ ಗಿರಿಜಾ? ಖರೇ ಹೇಳಿದ್ರ ನಿನ್ನ ಗಂಟೇನ ಹೋಗ್ತದ?"

"ಪಕ್ಕದ ಕಾಟ್ ಮ್ಯಾಲಿನ ಆ ಹುಡುಗಿ ನೋಡೀರಿಲ್ಲೋ? ಎಷ್ಟ ಸಣ್ಣಾಕಿ ಅದಾಳ. ಹೆಂಗ ಒದ್ದ್ಯಾಡ್ತದ ಕೂಸು," ಎಂದಳು.

"ಆಕಿಗೂ ನಿನ್ನ ನಂಬರಿಗೂ ಏನ ಸಂಬಂಧ?"

ಅವಳು ನನ್ನನ್ನು ತೀರ ತಿಳಿಗೇಡಿಯನ್ನು ನೋಡುವ ಹಾಗೆ ನೋಡಿದಳು. "ಅಲ್ರೀ, ಹತ್ತೂ ನಾನ ತಗೊಂಡು ಕೂತ್ರ ಹಿಂದಿನವರಿಗೆ ಏನ ಉಳೀತದ? ಇಷ್ಟ ಓದೀರಿ, ಅಷ್ಟೂ ತಿಳೀಬಾರದ?"

ಅವಳು ಬೆಳೆದದ್ದು ದೊಡ್ಡ ಕುಟುಂಬದಲ್ಲಿ, ನನ್ನ ಮನೆಗೆ ಬಂದದ್ದು ಇನ್ನೂ ದೊಡ್ಡ ಕುಟುಂಬದ ಹಿರೀ ಸೊಸೆಯಾಗಿ. ನಮ್ಮ ಕಡೆಯ ಪಂಕ್ತಿಯನ್ನು ನೀವೂ ನೋಡಿರಬಹುದು. ಹೋಳಿಗೆ ಬಂದಾಗ ಎಲೆಯ ಮೇಲೆ ಅಡ್ಡ ಅಂಗೈ ಹಿಡಿದು "ಸಾಕ್ರಿ, ಅರ್ಧಾ ಹಾಕ್ರಿ" ಎನ್ನಬೇಕು. ಬಡಿಸುವವರು "ಅಯ್ಯ, ಏನ್ ಹಂಗಂದ್ರ, ಹಾಕಸ್ಕೋರಿ" ಎಂದು ಒತ್ತಾಯ ಮಾಡಬೇಕು, ಆಗ ಸೋತವರ ಹಾಗೆ ಕೈ ಸರಿಸಬೇಕು. ತಾನಾಗಿ ಕೇಳಿ ಹಾಕಿಸಿಕೊಂಡವನನ್ನು ಆ ಮೇಲೆ ಅಡಿಗೆಮನೆಯಲ್ಲಿ ಆಡಿಕೊಳ್ಳುತ್ತಾರೆ. ಕೊನೆಯ ಪಂಕ್ತಿಗೆ ಹೆಂಗಸರು ಕೂಡುವಷ್ಟರಲ್ಲಿ ಸಾರಿನ ತಳ ಕಾಣುತ್ತಿರುತ್ತದೆ, ಅದೂ ಅವರಿಗೆ ಹಬ್ಬವೇ. ಇಡೀ ಆಯುಷ್ಯ ಹೀಗೆ ಉಂಡವಳ ಮುಂದೆ ಒಬ್ಬರು ಸೊನ್ನೆಯಿಂದ ಹತ್ತರವರೆಗೆ ಜೋಡಿಸಿಟ್ಟು, ನಿನಗೆಷ್ಟು ಎಂದರೆ ಅವಳ ಅಂಗೈ ತಾನಾಗಿ ಅಡ್ಡ ಬರದೆ ಇನ್ನೇನಾದೀತು. ಸೊನ್ನೆ ಎಂದರೆ ಬಡಿಸುವವರಿಗೆ ಅವಮಾನ, ನಾಲ್ಕೈದು ಎಂದರೆ ಹೊಟ್ಟೆಬಾಕತನ. ಮೂರು ಮರ್ಯಾದಸ್ಥರ ಅಂಕಿ. ಮರಾಠಿ ಸಿಸ್ಟರಿಗೆ ಪಾಪ, ಒತ್ತಾಯ ಮಾಡಬೇಕೆಂಬ ನಮ್ಮ ರೀತಿ ಗೊತ್ತಿಲ್ಲ. ಒಮ್ಮೆ ಕೇಳಿದಳು, ಸಿಕ್ಕದ್ದನ್ನು ಬರೆದುಕೊಂಡಳು.

ಡಾಕ್ಟರ ಹತ್ತಿರ ಹೋದೆ. ನಮ್ಮ ಬೆಳಗಾವಿ ಸೀಮೆಯವರೇ. "ಆಕಿ ಹೇಳೋದು ಖರೇ ಅಲ್ರಿ ಸರ್, ಭಾಳ ನೋವದ. ಎಂಟರ ಕೆಳಗಿಲ್ಲ" ಎಂದೆ.

"ನೀವ ಹೇಳಿದ್ದು ನಂಬತೀನ್ರಿ. ಆದ್ರ ನಿಮಗ ನಾ ಏನ್ ಹೇಳ್ಲಿ, ನೀವ ಇದೇ ಉದ್ಯೋಗದಾಗ ಇದ್ದವ್ರು. ಪೇಶಂಟ್ ಬಾಯಿಂದ ಬಂದದ್ದ ನೋವು. ಮಂದಿ ಹೇಳಿದ್ದ ಕೇಳಿ ಅಂಥಾ ಔಷಧ ಏರಸೂದು ಅಪಾಯ ಅದ. ಸ್ವಲ್ಪ ಏರಸ್ತೀನಿ, ಬಾಕಿ ಅವರ ಬಾಯಿಂದ ಹೇಳಸ್ರಿ."

ಅವರ ತಪ್ಪೇನೂ ಇಲ್ಲ. ರೋಗಿ ಹೇಳಿದ್ದೇ ಪ್ರಮಾಣ, ಪಕ್ಕದಲ್ಲಿ ನಿಂತ ಗಂಡನ ಮಾತು, ಅತ್ತೆಯ ಮಾತು ಬರೆಯಕೂಡದು ಎಂದು ನಾನೇ ಕಲಿಸುತ್ತ ಬಂದವನು. ಅತ್ತೆಯ ಕಣ್ಣಿಗೆ ಸೊಸೆಯ ನೋವು ಎಷ್ಟು ಕಂಡೀತು ಎಂಬ ವಿವೇಕದಿಂದ ಹುಟ್ಟಿದ ನಿಯಮ ಅದು, ಒಳ್ಳೆಯ ನಿಯಮ. ನಾನು ಆ ಕೋಣೆಯಲ್ಲಿ ಪಕ್ಕದಲ್ಲಿ ನಿಂತ ಗಂಡ, ಅಷ್ಟೆ. ಕೈ ಮುಗಿದು ಹೊರಗೆ ಬಂದೆ.

ಆಮೇಲೆ ನಾನೇ ಬಡಿಸುವವನಾದೆ. ಗೋಗರೆದೆ, ಗದರಿದೆ, ನನ್ನ ಆಣೆ ಹಾಕಿದೆ. ಒತ್ತಾಯಕ್ಕೆ ಸೋತು ಒಮ್ಮೆ ಅವಳು ಸಿಸ್ಟರಿಗೆ "ಚಾರ" ಎಂದಳು. ಹೇಳಿ ನನ್ನ ಕಡೆ ನೋಡಿದಳು, ಸಾಕಾಯಿತೇ ನಿಮಗೆ ಎಂಬಂತೆ. ನಾಲ್ಕು! ಜಿಪುಣಿ, ನಿನ್ನ ನೋವನ್ನೂ ಹೀಗೆ ಉಳಿಸಿ ಯಾರಿಗೆ ಇಡುತ್ತೀ ಎಂದು ಕೂಗಬೇಕೆನಿಸಿತು. ಆ ರಾತ್ರಿಯಿಂದ ಔಷಧ ಒಂದಿಷ್ಟು ಏರಿತು, ಒಂದಿಷ್ಟು ನಿದ್ದೆ ಬಂತು. ಮರುವಾರ ಪಕ್ಕದ ಕಾಟಿನ ಹುಡುಗಿ ತೀರಿಕೊಂಡಳೆಂದು ತಿಳಿದದ್ದೇ ತಡ, ಗಿರಿಜಾ ಮತ್ತೆ ಮೂರಕ್ಕೆ ಇಳಿದಳು. ತಾನು ಹೆಚ್ಚಿಗೆ ತಗೊಂಡದ್ದಕ್ಕೇ ಆ ಹುಡುಗಿಗೆ ಕಮ್ಮಿಯಾಯಿತೆಂದು ಅವಳ ತಲೆಯಲ್ಲಿ ಹೊಕ್ಕಿತ್ತು. ಹೇಳಿದೆ, ತಿಳಿಸಿ ಹೇಳಿದೆ, ಹಾಗಲ್ಲ ಮಾರಾಯ್ತಿ ಎಂದು ಅತ್ತೇಬಿಟ್ಟೆ. "ಇರ್ಲಿ ಬಿಡ್ರಿ" ಎಂದಳು.

ಕೊನೆಯ ವಾರ ವಾರ್ಡಿನಲ್ಲೇ ಇದ್ದೆವು. ಹೊರಗೆ ಪುಣೆಯ ಸಣ್ಣ ಮಳೆ ಹಗಲಿಡೀ ಜಿನುಗುತ್ತಿತ್ತು. ಸಿಸ್ಟರು ಎಂದಿನಂತೆ ಬಂದು ಕಾರ್ಡು ಹಿಡಿದು, "ಕಾಕೂ, ಕಿತಿ?" ಎಂದಳು. ಗಿರಿಜಾಳ ಕಣ್ಣು ತೆರೆದಿತ್ತು, ಮಾತಿರಲಿಲ್ಲ. ಅವಳ ಬೆರಳನ್ನು ನಾನೇ ಎತ್ತಿ ಕಾರ್ಡಿನ ಹತ್ತಿರ ಒಯ್ದೆ, ಅದು ಯಾವ ಮುಖದ ಮೇಲೂ ನಿಲ್ಲದೆ ಹಾಸಿಗೆಗೆ ಜಾರಿತು. ಸಿಸ್ಟರು ಅವಳ ಹಣೆ ಸವರಿ, ಅಂಕಿಯ ಜಾಗದಲ್ಲಿ ಒಂದು ಅಡ್ಡಗೀಟು ಎಳೆದಳು. ಉತ್ತರವಿಲ್ಲ ಎಂದರ್ಥ.

ಆ ಅಡ್ಡಗೀಟಿನ ಗತಿ ನನಗೆ ಗೊತ್ತು. ಕಂಪ್ಯೂಟರಿಗೆ ಅದು ಸೊನ್ನೆಯೂ ಅಲ್ಲ, ಹತ್ತೂ ಅಲ್ಲ. ಅದನ್ನು ಬದಿಗೆ ಸರಿಸಿ, ಉತ್ತರ ಕೊಟ್ಟವರನ್ನಷ್ಟೇ ಕೂಡಿ ಭಾಗಿಸುತ್ತದೆ. ತಡೆಯಲಾರದಷ್ಟು ನೋವಿದ್ದವರು ಮಾತು ನಿಂತು ಲೆಕ್ಕದಿಂದ ಹೊರಗೆ ಬೀಳುತ್ತಾರೆ, ಉಳಿದವರ ಸರಾಸರಿ ಇಳಿಯುತ್ತದೆ. ಇದನ್ನೂ ನಾನು ಪಾಠದಲ್ಲಿ ಹೇಳುತ್ತಿದ್ದೆ, ಪಾಠದ ಕೊನೆಗೆ, ಎಲ್ಲರೂ ಊಟದ ಡಬ್ಬಿ ತೆಗೆಯುವ ಹೊತ್ತಿಗೆ.

ಎಲ್ಲ ಮುಗಿದು ಕೆಲವು ದಿನಗಳ ಮೇಲೆ ಅವಳ ಕಾಗದಪತ್ರ ತರಲು ಹೋದಾಗ ವಾರ್ಡಿನ ಗೋಡೆಗೆ ಹೊಸ ನಕ್ಷೆ ಹಾಕಿದ್ದರು. ವಾರವಾರದ ನೋವಿನ ಸರಾಸರಿ. ಕೊನೆಗೆ ಬರುವಾಗ ಗೆರೆ ಚಂದವಾಗಿ ಕೆಳಗಿಳಿದಿತ್ತು. ಅದೇ ಸಿಸ್ಟರು ನನ್ನನ್ನು ಕಂಡು ಹತ್ತಿರ ಬಂದಳು. ಏನು ಮಾತಾಡಬೇಕೆಂದು ತಿಳಿಯದೆ, ನನಗೆ ಸಮಾಧಾನವಾಗಲೆಂದೋ ಏನೋ, "ಬಘಾ ಕಾಕಾ, ಕಮೀ ಝಾಲಂ" ಎಂದು ನಕ್ಷೆ ತೋರಿಸಿದಳು. ನೋಡಿ, ಕಮ್ಮಿಯಾಗಿದೆ. ಆ ಇಳಿಜಾರಿನಲ್ಲಿ ನನ್ನ ಗಿರಿಜಾ ಎಲ್ಲಿದ್ದಾಳೆ, ಅಲ್ಲ, ಎಲ್ಲಿಲ್ಲ ಎಂಬುದು ನನಗೆ ಸ್ಪಷ್ಟವಾಗಿ ಕಂಡಿತು. ತನ್ನ ಪಾಲಿನದನ್ನು ಮುಟ್ಟದೆ ಅವಳು ಪಂಕ್ತಿಯಿಂದ ಎದ್ದು ಹೋಗಿದ್ದಳು, ಉಳಿದವರಿಗೆ ಕಮ್ಮಿಯಾಗಿತ್ತು. ಹಗಲು ಹನ್ನೆರಡು ತಾಸು ಕೆಲಸ ಮಾಡುವ ಆ ಹುಡುಗಿಗೆ ಇದನ್ನೆಲ್ಲ ವಿವರಿಸಿ ಏನು ಮಾಡಲಿ? "ಛಾನ" ಎಂದೆ. ಚೆನ್ನಾಗಿದೆ ಎಂದೆ. ಕಾಗದಪತ್ರ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿದೆ.

ಈಗಲೂ ಲಿಫ್ಟಿನಲ್ಲಿ ಸಿಕ್ಕ ನಮ್ಮ ಕಡೆಯವರು "ಹೆಂಗದೀರ್ರೀ?" ಎನ್ನುತ್ತಾರೆ. "ನಡದದ್ರಿ" ಎನ್ನುತ್ತೇನೆ. ಮೂರು ಎಂದಷ್ಟೇ ಅದರ ಅರ್ಥ. ಅವರು ತೃಪ್ತರಾಗಿ ತಮ್ಮ ಮಜಲಿಗೆ ಇಳಿಯುತ್ತಾರೆ.

ಇಂದು ಮುಂಜಾನೆ ಹಾಲು ತೆಗೆಯಲು ಹೋದವನು ಫ್ರಿಜ್ಜಿನ ಬಾಗಿಲು ತೆರೆಯದೆ ಕಾರ್ಡಿನ ಮುಂದೆ ನಿಂತೆ. ಮೂರರ ಹತ್ತಿರ ಪ್ಲಾಸ್ಟಿಕ್ಕು ಮಸುಕಾಗಿದೆ, ಮನೆಯಲ್ಲಿ ನಾನು ಕೇಳಿದಾಗಲೆಲ್ಲ ಅವಳು ಬೆರಳಿಟ್ಟ ಜಾಗ. ಹತ್ತು ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ಮನೆಯಲ್ಲಿ ನಾನೊಬ್ಬನೇ. ಕೇಳುವ ಸಿಸ್ಟರಿಲ್ಲ, ಪಕ್ಕದ ಕಾಟಿಲ್ಲ, ನನ್ನ ಹಿಂದೆ ಪಂಕ್ತಿಯಲ್ಲಿ ಯಾರೂ ಕೂತಿಲ್ಲ. ಬೆರಳನ್ನು ಅಳುವ ಮುಖದ ಮೇಲಿಟ್ಟು, ಹತ್ತಕ್ಕೆ ಹತ್ತೂ ನಾನೇ ಬಡಿಸಿಕೊಂಡೆ.