ಗುಡ್ರುನ್ ಶೈಬ್ಲೆಯ ಕೈ

ನಮ್ಮೂರ ಆಟಿಕೆ ರೈಲಿನ ಕಾರ್ಖಾನೆಯಲ್ಲಿ ಗುಡ್ರುನ್ ಶೈಬ್ಲೆ ಮೂವತ್ತೊಂದು ವರ್ಷ ಮಾಡಿದ್ದು ಒಂದೇ ಕೆಲಸ: ಎಂಜಿನ್ನಿನ ಮೋಟಾರಿಗೆ ಸಾಸಿವೆಯಷ್ಟು ಸ್ಪ್ರಿಂಗು ಕೂರಿಸುವುದು. ನಿವೃತ್ತಿಯಾದ ಮೇಲೆ ಊರವರ ಕೆಟ್ಟ ರೈಲುಗಳೆಲ್ಲ ಅವಳ ಅಡುಗೆಮನೆ ಮೇಜಿಗೇ ಬರುತ್ತಿದ್ದವು. ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಎಂಜಿನ್ನನ್ನೂ ಎರಡೂ ಕೈಯನ್ನೂ ತೂರಿಸಿಕೊಂಡು ಬಿಚ್ಚುವಳು. ಸ್ಪ್ರಿಂಗು ಹಾರಿದರೂ ಚೀಲದೊಳಗೇ ಬಿದ್ದಿರಬೇಕು. ನಮ್ಮ ಆಟಿಕೆ ರೈಲು ಸಂಘದ ಗಂಡಸರು ಅದನ್ನು ನೋಡಿ ನಗುತ್ತಿದ್ದರು. ಹಾರಿದ ಸ್ಪ್ರಿಂಗಿಗಾಗಿ ಮಂಡಿಯೂರಿ ಕಾರ್ಪೆಟ್ ತಡಕುವವರೂ ಅವರೇ.

ಅಂಥವಳ ಹೆಸರು ಕೆಡಿಸಿದವನು ಸಂಘದ ಅಧ್ಯಕ್ಷ ಓಟ್ಮಾರ್ ನೇಗೆಲೆ. ಹನ್ನೊಂದು ವರ್ಷದ ಹಿಂದೆ ಅವಳು ರಿಪೇರಿ ಮಾಡಿಕೊಟ್ಟ ಸಂಘದ ಹಸಿರು ಎಂಜಿನ್ನು ಪ್ರದರ್ಶನದ ದಿನ ಹೊಗೆಯಾಡಿ ನಿಂತಿತು. ಈ ಮಹಾಶಯ ಮೈಕು ಹಿಡಿದು, "ಶೈಬ್ಲೆ ಅಮ್ಮನಿಗೆ ವಯಸ್ಸಾಯ್ತು, ಪಾಪ, ಕೈ ನಡುಗುತ್ತೆ. ಇನ್ಮೇಲೆ ಅವರಿಗೆ ಯಾರೂ ತೊಂದರೆ ಕೊಡಬೇಡಿ" ಅಂದ. ಅಷ್ಟೇ. ಅವತ್ತಿನಿಂದ ಅವಳ ಮನೆಗೆ ಒಂದು ಬೋಗಿಯೂ ಬರಲಿಲ್ಲ. ಎಂಜಿನ್ನನ್ನು ಅವನು ಗಾಜಿನ ಬೀರುವಿನಲ್ಲಿಟ್ಟು ಬೀಗ ಜಡಿದ. ಒಮ್ಮೆ ಬಿಚ್ಚಿ ನೋಡುತ್ತೇನೆಂದು ಗುಡ್ರುನ್ ಕೇಳಿದರೂ ಕೊಡಲಿಲ್ಲ. ಸಂಘದಲ್ಲಿ ಕಾಫಿ, ಕೇಕು ಮಾರುವ ನನಗೆ ಆಗಲೇ ಮೈಯೆಲ್ಲ ಉರಿದಿತ್ತು.

ಈ ಸಲ ಸಂಘಕ್ಕೆ ಐವತ್ತು ತುಂಬಿತು. ಹಸಿರು ಎಂಜಿನ್ನು ಓಡಲೇಬೇಕೆಂದು ಸದಸ್ಯರು ಹಠ ಹಿಡಿದರು. ಆ ಹಳೇ ಮೋಟಾರು ಬಲ್ಲವರು ಗುಡ್ರುನ್ ಬಿಟ್ಟರೆ ಯಾರೂ ಉಳಿದಿರಲಿಲ್ಲ. ಓಟ್ಮಾರ್ ಹೂಗುಚ್ಛ ಹಿಡಿದು ಅವಳ ಬಾಗಿಲಿಗೆ ಹೋದ. "ಬಿಚ್ಚೋದು ಪ್ರದರ್ಶನದಲ್ಲೇ, ಎಲ್ಲರ ಎದುರಿಗೆ" ಎಂದು ಹೂವನ್ನು ಅವನ ಕೈಗೇ ವಾಪಸು ಕೊಟ್ಟಳಂತೆ.

ಕ್ರಿಸ್‌ಮಸ್ಸಿಗೆ ಮುಂಚಿನ ಅಡ್ವೆಂಟಿನ ಮೊದಲ ಶನಿವಾರ ಬೆಳಿಗ್ಗೆ ಪ್ರದರ್ಶನಕ್ಕೆ ಬಂದಳು. ಎಪ್ಪತ್ತೆಂಟು ವರ್ಷ. ಚೀಲದೊಳಗೆ ಕೈ ತೂರಿಸಿ, ತಿರುಪು ಬಿಚ್ಚಿ, ಚಿಮುಟದಲ್ಲಿ ಏನನ್ನೋ ಹಿಡಿದು ಹೊರಗೆ ತೆಗೆದಳು.

"ಲೋರೆ, ಬಾರೇ ಇಲ್ಲಿ. ಇದೇನು, ನೀನೇ ಹೇಳು" ಎಂದು ನನ್ನನ್ನು ಕರೆದಳು.

"ಅಯ್ಯೋ, ಬರೆಯೋ ಪೆನ್ನಿನ ಸ್ಪ್ರಿಂಗ್ ಕಣೇ! ಯಾರೋ ಅರ್ಧಕ್ಕೆ ಕತ್ತರಿಸಿದ್ದಾರೆ" ಅಂದೆ.

"ಇಷ್ಟು ಬಿಗಿಯಾಗಿ ಒತ್ತಿದ್ರೆ ಮೋಟಾರು ಸುಡದೆ ಇನ್ನೇನಾಗುತ್ತೆ? ನಾನು ಕೊಟ್ಟ ಮೇಲೆ, ಎಣ್ಣೆ ಬಿಡ್ತೀನಿ ಅಂತ ಇದನ್ನ ಮನೆಗೆ ತಗೊಂಡು ಹೋದೋರು ಯಾರು, ನೇಗೆಲೆ ಅವರೇ?"

ಓಟ್ಮಾರನ ಮುಖ ಬಿಳಿಚಿಕೊಂಡಿತು. "ಒಳಗಿದ್ದದ್ದು ಹಾರಿಹೋಯ್ತು... ಎಷ್ಟು ಹುಡುಕಿದ್ರೂ ಸಿಗಲಿಲ್ಲ" ಎಂದು ಗೊಣಗಿದ.

"ನನ್ನ ಹತ್ರ ಯಾಕೆ ಹೇಳ್ತೀರಿ? ಮೈಕಲ್ಲಿ ಹೇಳಿ."

ಹೇಳಿದ. ಬೆಳಗಿನ ಹೊತ್ತು, ಇದ್ದವರು ಇಪ್ಪತ್ತು ಜನ. ನನಗಂತೂ ಹೊಟ್ಟೆ ತಣ್ಣಗಾಯಿತು. ಇನ್ನು ಬಿಟ್ಟುಬಿಡುತ್ತಾಳೆ ಅಂದುಕೊಂಡೆ. ಗುಡ್ರುನ್ ತನ್ನ ಡಬ್ಬಿಯಿಂದ ಸರಿಯಾದ ಸ್ಪ್ರಿಂಗು ತೆಗೆದು, ಅವನ ಮೂಗಿನ ಮುಂದೆ ಹಿಡಿದು ತೋರಿಸಿ, ಮತ್ತೆ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು.

"ಅವತ್ತು ನೀವು ಹೇಳಿದ್ದು ಭಾನುವಾರ, ಮುನ್ನೂರು ಜನರ ಎದುರಿಗೆ. ನಾಳೆ ಭಾನುವಾರ. ನಾಳೆ ಹೇಳಿ, ನಾಳೆ ಹಾಕ್ತೀನಿ."

ಆ ಸಂಜೆಯಿಡೀ ನಾನು ಊರಿನ ಮನೆಮನೆಗೂ ಫೋನು ಮಾಡಿದೆ: ತಪ್ಪದೆ ಬನ್ನಿ, ಕೇಕು ಪುಕ್ಕಟೆ. ನಾನೂರು ಜನ ಬಂದರು. ಓಟ್ಮಾರ್ ತಲೆ ತಗ್ಗಿಸಿಕೊಂಡು ಹೇಳಿದ. ಹಿಂದಿನ ಸಾಲಿಗೆ ಕೇಳಿಸಲಿಲ್ಲ ಎಂದು ನಾನು ಕೂಗಿದೆ. ಇನ್ನೊಂದು ಸಲ ಹೇಳಿದ. ಆಮೇಲೇ ಗುಡ್ರುನ್ ಡಬ್ಬಿಯ ಮುಚ್ಚಳ ತೆಗೆದಳು.